ಅದು ನಿಮ್ದಾಗಿದ್ರೆ ಕೊಡ್ತಿದ್ರಾ ಅಣ್ಣ?

ನಮ್ಮ ಹಾಸ್ಟೆಲ್‌ನಲ್ಲಿ ಫೈನಲ್ ಇಯರ್‌ನ ಒಬ್ಬ ಸೀನಿಯರ್ ಇದ್ದಾನೆ. ಫಸ್ಟ್ ಇಯರ್ ಓದುವ ನನ್ನ ರೂಮ್‌ಮೇಟ್‌ನ ಕ್ಯಾಲ್ಕುಲೇಟರನ್ನು ಒಮ್ಮೆ ತೆಗೆದುಕೊಂಡು ಹೋದ. ಅದು ವಾಪಸ್ ಬರಲೇ ಇಲ್ಲ. ಇಂಟರ್ನಲ್ಸ್ ಹತ್ತಿರ ಬಂದಾಗ, ಗೆಳೆಯನಿಗೆ ಬೇಕು ಎಂದು ಡ್ರಾಫ್ಟರ್ ಕೇಳಿದ. ‘ಕೊಟ್ಬಿಡೋ, ಸುಮ್ನೆ ಯಾಕೆ ಜಗಳ’ ಎಂದು ಹೇಳಿದವನು ನಾನೇ. ಹುಡುಗ ಕೊಟ್ಟ. ರಾತ್ರಿ ಮಲಗುವಾಗ ಮೆಲ್ಲಗೆ ಕೇಳಿದ: ‘ಅದು ನಿಮ್ದಾಗಿದ್ರೆ ಕೊಡ್ತಿದ್ರಾ ಅಣ್ಣ?’ ನನಗೆ ಉತ್ತರ ಹೊಳೆಯಲಿಲ್ಲ.

ಆ ವಾರ ನಾನು ಎರಡನೇ ಮಹಾಯುದ್ಧದ ಬಗ್ಗೆ ಓದುತ್ತಿದ್ದೆ. 1938ರ ಸೆಪ್ಟೆಂಬರ್. ಜೆಕೊಸ್ಲೊವಾಕಿಯಾದ ಗಡಿಯಲ್ಲಿ ಜರ್ಮನ್ ಭಾಷಿಕರು ಹೆಚ್ಚಾಗಿದ್ದ ಸುಡೆಟೆನ್‌ಲ್ಯಾಂಡ್ ತನಗೆ ಬೇಕೆಂದು ಹಿಟ್ಲರ್ ಪಟ್ಟು ಹಿಡಿದಿದ್ದ. ಯುದ್ಧ ತಪ್ಪಿಸಬೇಕೆಂದು ಬ್ರಿಟನ್ ಪ್ರಧಾನಿ ನೆವಿಲ್ ಚೇಂಬರ್ಲೇನ್ ಆ ಒಂದೇ ತಿಂಗಳಲ್ಲಿ ಮೂರು ಸಲ ಜರ್ಮನಿಗೆ ಹೋದರು. ಕೊನೆಗೆ ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಸೇರಿ ಆ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು. ಜೆಕ್ ಪ್ರತಿನಿಧಿಗಳು ಅದೇ ಊರಿನಲ್ಲಿದ್ದರೂ ಸಭೆಗೆ ಸೇರಿಸಲಿಲ್ಲ. ಎಲ್ಲ ಮುಗಿದ ಮೇಲೆ ತೀರ್ಮಾನ ತಿಳಿಸಿದರು, ಅಷ್ಟೇ.

ಹೋಗಿದ್ದು ಬರೀ ನೆಲವಲ್ಲ. ಜೆಕ್ ಜನ ಕಟ್ಟಿದ್ದ ರಕ್ಷಣಾ ಕೋಟೆಗಳ ದೊಡ್ಡ ಸಾಲು ಅಲ್ಲೇ ಇತ್ತು. ಆರು ತಿಂಗಳೂ ಕಳೆಯಲಿಲ್ಲ, 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ಪ್ರವೇಶಿಸಿತು. ಮೆಕ್ಯಾನಿಕಲ್ ಓದುವ ನನಗೆ ಸ್ಕೋಡಾ ಎಂದರೆ ಕಾರು ಮಾತ್ರ ಗೊತ್ತಿತ್ತು. ಆಗ ಪಿಲ್ಸೆನ್‌ನಲ್ಲಿದ್ದ ಸ್ಕೋಡಾ ಕಾರ್ಖಾನೆ ಫಿರಂಗಿ, ಟ್ಯಾಂಕ್‌ಗಳನ್ನು ತಯಾರಿಸುತ್ತಿತ್ತು. ಅದೂ ಹಿಟ್ಲರನ ಕೈಸೇರಿತು. 1940ರಲ್ಲಿ ಫ್ರಾನ್ಸ್ ಮೇಲೆ ನುಗ್ಗಿದ ಜರ್ಮನ್ ಪಡೆಯಲ್ಲಿ ಜೆಕ್ ನೆಲದಲ್ಲಿ ತಯಾರಾದ ಟ್ಯಾಂಕ್‌ಗಳೂ ಇದ್ದವು!

ಚೇಂಬರ್ಲೇನ್‌ರನ್ನು ಹೇಡಿ ಎಂದು ಬೈಯುವುದು ಈಗ ಸುಲಭ. ಮೊದಲ ಮಹಾಯುದ್ಧ ಮುಗಿದು ಆಗ ಇಪ್ಪತ್ತು ವರ್ಷವಷ್ಟೇ ಆಗಿತ್ತು. ಮತ್ತೊಂದು ಯುದ್ಧ ಯಾರಿಗೂ ಬೇಕಿರಲಿಲ್ಲ. ಮ್ಯೂನಿಕ್‌ನಿಂದ ಮರಳಿದ ಅವರನ್ನು ಲಂಡನ್‌ನ ಜನ ಜೈಕಾರ ಹಾಕಿ ಸ್ವಾಗತಿಸಿದ್ದರು.

ಈ ಪಾಠವನ್ನು ತಪ್ಪಾಗಿ ಕಲಿತವರೂ ಇದ್ದಾರೆ. 1956ರಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ, ಬ್ರಿಟನ್ ಪ್ರಧಾನಿ ಈಡನ್‌ಗೆ ಅವರಲ್ಲಿ ಹಳೆಯ ಸರ್ವಾಧಿಕಾರಿಗಳೇ ಕಂಡರು. ಸೇನೆ ನುಗ್ಗಿಸಿ, ಕೊನೆಗೆ ಹಿಂದೆ ಸರಿಯಬೇಕಾಯಿತು. ಎದುರಾಳಿಗಳೆಲ್ಲ ಹಿಟ್ಲರ್ ಅಲ್ಲ, ರಾಜಿಯೆಲ್ಲ ಓಲೈಕೆಯೂ ಅಲ್ಲ.

ಹಾಗಾದರೆ ವ್ಯತ್ಯಾಸ ಏನು? ನನಗೆ ತೋಚಿದ್ದು ಇಷ್ಟು: ನಮ್ಮದನ್ನು ನಾವೇ ಒಪ್ಪಿ ಬಿಟ್ಟುಕೊಟ್ಟರೆ ಅದು ರಾಜಿ. ಇನ್ನೊಬ್ಬರದನ್ನು ಅವರನ್ನು ಹೊರಗೆ ನಿಲ್ಲಿಸಿ ಕೊಟ್ಟು, ನೆಮ್ಮದಿಯಿಂದ ಮಲಗುವುದು ಓಲೈಕೆ. ಇಂದು ಯಾವುದೇ ಯುದ್ಧದ ಶಾಂತಿ ಮಾತುಕತೆಯ ಸುದ್ದಿ ಓದಿದರೂ ನಾನು ಮೊದಲು ಹುಡುಕುವುದು ಒಂದನ್ನೇ: ನೆಲ ಯಾರದೋ ಅವರಿಗೆ ಅಲ್ಲಿ ಕುರ್ಚಿ ಇದೆಯಾ?

ಮರುದಿನ ಹುಡುಗನ ಜೊತೆ ನಾನೂ ಮೂರನೇ ಮಹಡಿ ಹತ್ತಿದೆ. ಎದೆ ಡವಡವ ಅನ್ನುತ್ತಿತ್ತು. ಡ್ರಾಫ್ಟರ್ ಸಿಕ್ಕಿತು. ಕ್ಯಾಲ್ಕುಲೇಟರ್ ‘ನಾಳೆ’ ಅಂದಿದ್ದಾನೆ. ನಾಳೆಯೂ ಇಬ್ಬರೂ ಹೋಗುತ್ತೇವೆ.