ಬೋರ್ಡ್ ಬದಲಾಯಿತು, ಕಾಯಿಲೆ ಉಳಿಯಿತು

ಸ್ವಿಚ್ ಹಾಕಿದರೂ ಮುಂಭಾಗದ ಕೆಂಪು ದೀಪ ಹತ್ತದ ಟಿವಿಯನ್ನು ರಿಪೇರಿಯವರು ‘ಡೆಡ್ ಸೆಟ್’ ಎನ್ನುತ್ತಾರೆ. ಅಂಥ ಸೆಟ್ಟಿಗೆ ಇಂದು ಎರಡು ದಾರಿಗಳಿವೆ. ಕಂಪನಿಯ ಸರ್ವಿಸ್ ಸೆಂಟರ್ ಹಿಡಿದರೆ ಇಡೀ ಬೋರ್ಡ್ ತೆಗೆದು ಹೊಸದನ್ನು ಕೂಡಿಸುತ್ತಾರೆ. ವಾರಂಟಿ ಮುಗಿದಿದ್ದರೆ ಅದರ ಬಿಲ್ಲು ಕೇಳಿಯೇ ಮನೆಯವರು ಹೊಸ ಟಿವಿಯ ಕಡೆ ತಿರುಗುತ್ತಾರೆ. ಇನ್ನೊಂದು ದಾರಿಯೆಂದರೆ ಬೋರ್ಡ್ ಬಿಚ್ಚಿ, ಮೀಟರ್ ಹಿಡಿದು, ಅದರಲ್ಲಿ ಕೆಟ್ಟಿರುವ ಬಿಡಿಭಾಗ ಯಾವುದೆಂದು ಹುಡುಕುವುದು. ಇದು ಅಗ್ಗ ಎಂದು ಎಲ್ಲರೂ ಹೊಗಳುತ್ತಾರೆ. ನನ್ನ ವಾದ ಬೇರೆ. ಅಗ್ಗವಾಗದಿದ್ದರೂ ರೋಣ, ನರಗುಂದ, ಗಜೇಂದ್ರಗಡದಂಥ ತಾಲ್ಲೂಕುಗಳಿಗೆ ಎರಡನೆಯ ದಾರಿಯೇ ಸರಿ. ಟಿವಿ ಯಾಕೆ ಕೆಟ್ಟಿತು ಎಂಬುದು ಗೊತ್ತಾಗುವುದು ಆ ದಾರಿಯಲ್ಲಿ ಮಾತ್ರ, ಮತ್ತು ಆ ಕಾರಣ ಎಷ್ಟೋ ಸಲ ಟಿವಿಯ ಹೊರಗಿರುತ್ತದೆ.

ಪವರ್ ಬೋರ್ಡಿನ ಕೆಲಸ ನೋಡಿದರೆ ಇದು ತಿಳಿಯುತ್ತದೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಬ್ರಿಜ್ ಡಯೋಡ್ ಡಿಸಿ ಮಾಡುತ್ತದೆ. ದೊಡ್ಡ ಕಂಡೆನ್ಸರ್‌ನಲ್ಲಿ ಅದು ಸುಮಾರು 325 ವೋಲ್ಟ್ ಆಗಿ ನಿಲ್ಲುತ್ತದೆ. ಅದನ್ನು ಒಂದು ಮಾಸ್‌ಫೆಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಆಚೆ ಬದಿಯಿಂದ 5, 12, 24 ವೋಲ್ಟ್‌ಗಳು ಹೊರಡುತ್ತವೆ. ಆ ದೊಡ್ಡ ಕಂಡೆನ್ಸರ್ ತಾಳುವುದು 400 ಇಲ್ಲವೇ 450 ವೋಲ್ಟ್ ಅಷ್ಟೆ. ಈಗ ಓಣಿಯ ಕಂಬದ ಟ್ರಾನ್ಸ್‌ಫಾರ್ಮರಿನಿಂದ ಬರುವ ನ್ಯೂಟ್ರಲ್ ತಂತಿ ಗಾಳಿಗೋ ತುಕ್ಕಿಗೋ ಕಡಿಯಿತೆನ್ನಿ. ಬೇರೆ ಬೇರೆ ಫೇಸಿನ ಮನೆಗಳು ತಮಗರಿವಿಲ್ಲದೆ ಒಂದಕ್ಕೊಂದು ಸರಣಿಯಲ್ಲಿ ಸೇರುತ್ತವೆ. ಹಿಟ್ಟಿನ ಗಿರಣಿ, ಮೋಟರ್ ನಡೆಯುತ್ತಿರುವ ಫೇಸಿನಲ್ಲಿ ವೋಲ್ಟೇಜು ಕುಸಿಯುತ್ತದೆ. ಒಂದು ಬಲ್ಬು, ಒಂದು ಟಿವಿ ಇರುವ ಮನೆಗೆ 400ರ ಹತ್ತಿರ ನುಗ್ಗುತ್ತದೆ. ಡಿಸಿಯಾದಾಗ ಅದು 565ರ ಆಸುಪಾಸು. ಕಂಡೆನ್ಸರಿನ ತಲೆ ಉಬ್ಬುತ್ತದೆ, ಫ್ಯೂಸಿನ ಪಕ್ಕದಲ್ಲಿ ವೋಲ್ಟೇಜಿನ ಏರಿಕೆಗೆ ತಡೆಯಾಗಿರುವ, ನೀಲಿ ಬಿಲ್ಲೆಯಂಥ ಎಮ್‌ಒವಿ ಸಿಡಿಯುತ್ತದೆ, ಫ್ಯೂಸಿನ ಗಾಜು ಒಳಗೇ ಕಪ್ಪಾಗುತ್ತದೆ. ಈ ಮೂರೂ ಒಟ್ಟಿಗೆ ಕಂಡ ಮೆಕ್ಯಾನಿಕ್ಕಿಗೆ ದೋಷ ಕಂಬದ ಮೇಲಿದೆ ಎಂದು ಅನುಮಾನ ಬರಲೇಬೇಕು. ಒಂದೇ ಓಣಿಯ ನಾಲ್ಕು ಸೆಟ್ಟುಗಳು ಅದೇ ವಾರ ಬಂದರೆ ಅನುಮಾನವೂ ಉಳಿಯುವುದಿಲ್ಲ, ಹೆಸ್ಕಾಂ ಲೈನ್‌ಮನ್‌ಗೆ ಹೇಳಬೇಕಾದ ಮಾತು ಅದು. ಬೋರ್ಡನ್ನು ಡಬ್ಬಿಯಲ್ಲಿ ಹಾಕಿ ಕಂಪನಿಗೆ ವಾಪಸು ಕಳಿಸಿದರೆ ಆ ಮಾಹಿತಿಯೂ ಅದರ ಜೊತೆಗೇ ಹೋಯಿತು.

ಸಿಡಿಲಿನ ಗುರುತು ಬೇರೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಅದು ಹೆಚ್ಚಾಗಿ ಕೇಬಲ್ಲು, ಡಿಶ್ಶಿನ ತಂತಿಯಿಂದ ಒಳಗೆ ಬರುತ್ತದೆ. ಪವರ್ ಬೋರ್ಡ್ ಗಟ್ಟಿಯಾಗಿಯೇ ಇದ್ದು, ಎಚ್‌ಡಿಎಂಐ ಅಥವಾ ಟ್ಯೂನರ್ ಇರುವ ಮೇನ್ ಬೋರ್ಡ್ ಸುಟ್ಟಿರುತ್ತದೆ. ಇನ್ನು ಸಿಡಿಲೂ ಇಲ್ಲದೆ, ನ್ಯೂಟ್ರಲ್ಲೂ ಕಡಿಯದೆ, ಫ್ಯೂಸು ಸರಿಯಿದ್ದೂ ಸೆಟ್ಟು ಮಲಗಿದ್ದರೆ ಸಣ್ಣ ಕಂಡೆನ್ಸರುಗಳನ್ನು ನೋಡಬೇಕು. ಅವುಗಳೊಳಗಿನ ದ್ರವ ಕಾವಿಗೆ ಮೆಲ್ಲಗೆ ಆರುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕಂಡೆನ್ಸರು, ಕಾವು ಹತ್ತು ಡಿಗ್ರಿ ಇಳಿದಂತೆಲ್ಲ ಎರಡು ಪಟ್ಟು ಬಾಳುತ್ತದೆ ಎಂಬುದು ತಯಾರಕರೇ ಒಪ್ಪುವ ಲೆಕ್ಕ. 65 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ ಆರು ತಾಸು ನೋಡುವ ಮನೆಯಲ್ಲಿ ಹದಿನಾಲ್ಕು ವರ್ಷ. ಅದೇ 85 ಡಿಗ್ರಿಯಲ್ಲಿ 8000 ಗಂಟೆ, ನಾಲ್ಕು ವರ್ಷವೂ ಇಲ್ಲ. ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಚಾವಣಿ, ನರಗುಂದದ ಎರಿ ಹೊಲದ ದೂಳು ಮುಚ್ಚಿದ ಗಾಳಿಕಿಂಡಿ, ಗೋಡೆಗೆ ಅಂಟಿಸಿದಂತೆ ಕೂಡಿಸಿದ ಸೆಟ್ಟು, ಇವೆಲ್ಲ ಸೇರಿ ಆ ಇಪ್ಪತ್ತು ಡಿಗ್ರಿಯ ಅಂತರವನ್ನು ತುಂಬುತ್ತಾ ಹೋಗುತ್ತವೆ. ಹೊಸ ಬೋರ್ಡ್ ಬಂದು ಅದೇ ಗೋಡೆಯ ಮೇಲೆ ಕೂತರೆ ಅದಕ್ಕೂ ಅದೇ ಆಯುಸ್ಸು.

ಚಿತ್ರವಿಲ್ಲದೆ ಧ್ವನಿ ಮಾತ್ರ ಬರುವ ಸೆಟ್ಟು ಪೂರ್ತಿ ಡೆಡ್ ಅಲ್ಲ, ಆದರೆ ನನ್ನ ವಾದಕ್ಕೆ ಅದೇ ಬಲವಾದ ಸಾಕ್ಷಿ. ಕತ್ತಲಲ್ಲಿ ಪರದೆಯ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಮಸುಕಾಗಿ ಚಿತ್ರ ಕಾಣುತ್ತದೆ. ಹೆಚ್ಚಾಗಿ ಕೆಟ್ಟಿರುವುದು ಹಿಂಬದಿಯ ಎಲ್‌ಇಡಿ ಪಟ್ಟಿ. ಸರಣಿಯಲ್ಲಿ ಒಂದು ಎಲ್‌ಇಡಿ ಹೋದರೆ ಇಡೀ ಸಾಲು ಆರುತ್ತದೆ. ಪಟ್ಟಿ ಬದಲಿಸಿ ಕಳಿಸುವುದು ಸುಲಭ. ಆದರೆ ಅಂಗಡಿಯಲ್ಲಿ ಝಗಮಗಿಸಲೆಂದು ಎಷ್ಟೋ ಸೆಟ್ಟುಗಳಲ್ಲಿ ಎಲ್‌ಇಡಿಗೆ ತಾಳಿಕೆಯ ಅಂಚಿನವರೆಗೂ ಕರೆಂಟು ಹರಿಸಿರುತ್ತಾರೆ. ಬೋರ್ಡ್ ಓದಬಲ್ಲವನು ಕರೆಂಟು ಅಳೆಯುವ ಪುಟ್ಟ ರೆಸಿಸ್ಟರ್ ಬದಲಿಸಿ ಅದನ್ನು ಕೊಂಚ ತಗ್ಗಿಸುತ್ತಾನೆ. ಬೆಳಕು ತುಸು ಕಡಿಮೆ, ಬಾಳಿಕೆ ಬಹಳ ಹೆಚ್ಚು. ಪಟ್ಟಿ ಮಾತ್ರ ಬದಲಿಸುವವನಿಗೆ ಅದೇ ಗಿರಾಕಿ ಮತ್ತೆ ಬರುತ್ತಾನೆ, ಮುಖ ಸಿಂಡರಿಸಿಕೊಂಡು.

ಆಕ್ಷೇಪಗಳು ಹಗುರವಾದವಲ್ಲ. ಕೆಲವು ನೂರು ರೂಪಾಯಿಗೆ ಯುನಿವರ್ಸಲ್ ಬೋರ್ಡ್ ಸಿಗುವಾಗ ಹತ್ತು ರೂಪಾಯಿ ಮುಟ್ಟದ ಕಂಡೆನ್ಸರಿಗಾಗಿ ಅರ್ಧ ದಿನ ಯಾಕೆ ಕಳೆಯಬೇಕು ಎಂದು ಮೆಕ್ಯಾನಿಕ್ಕೇ ಕೇಳಬಹುದು. ದಿನದ ದುಡಿಮೆ ನೋಡಿದರೆ ಅವನದು ನ್ಯಾಯವೇ. ಆದರೆ ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ ಎಮ್‌ಒವಿ, ಫಿಲ್ಟರ್ ಕಾಯಿಲ್ ಇರಬೇಕಾದ ಜಾಗ ಖಾಲಿ ಬಿದ್ದಿರುತ್ತದೆ. ಅಲುಗಾಡುವ ವೋಲ್ಟೇಜಿನ ಊರಿಗೆ ತಡೆಯೇ ಇಲ್ಲದ ಬೋರ್ಡ್ ಹಾಕಿ ಉಳಿಸಿದ್ದೇನು? ಅಪಾಯದ ಮಾತು ಇನ್ನೂ ಗಂಭೀರ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಕೊಲ್ಲಬಲ್ಲ ಚಾರ್ಜು ಉಳಿದಿರಬಹುದು. ಅದನ್ನು ಬಲ್ಬಿನ ಮೂಲಕ ಇಳಿಸದೆ ಕೈ ಹಾಕಬಾರದು, ರಿಪೇರಿಯಾದ ಬೋರ್ಡಿಗೆ ಮೊದಲ ಕರೆಂಟು ಸೀರೀಸ್ ಬಲ್ಬಿನ ಮೂಲಕವೇ ಹೋಗಬೇಕು, ಫ್ಯೂಸಿನ ಜಾಗದಲ್ಲಿ ತಂತಿ ಬಿಗಿಯುವವನಿಂದ ಸೆಟ್ಟು ವಾಪಸು ತರಬೇಕು. ಇದು ಕಲಿತವರು ಮಾಡುವ ಕೆಲಸ, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದವರದ್ದಲ್ಲ. ಪ್ಯಾನಲ್ ಒಡೆದಿದ್ದರೆ ರಿಪೇರಿಯ ಮಾತೇ ಬೇಡ, ಅದರ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸ ಸೆಟ್ಟೇ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಆ ಸೆಳೆತವನ್ನು ಹೆಚ್ಚಿಸಿದೆ. ಆದರೆ ಹೊಸ ಸೆಟ್ಟು ನೇತುಬೀಳುವುದೂ ಅದೇ ನ್ಯೂಟ್ರಲ್ಲಿಗೇ.

ನಿಜವಾದ ಅಡ್ಡಿ ಕೌಶಲದ ಕೊರತೆಯಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಸರ್ಕ್ಯೂಟ್ ಡಯಾಗ್ರಾಂಗಳ ಪುಸ್ತಕಗಳು ಪೇಟೆಯಲ್ಲಿ ಸಿಗುತ್ತಿದ್ದವು. ಅವನ್ನು ಬೆಂಚಿನ ಮೇಲೆ ಹರಡಿಕೊಂಡು ಕಲಿತವರ ಪೀಳಿಗೆಯೊಂದು ಸಣ್ಣ ಊರುಗಳಲ್ಲೂ ಬೆಳೆಯಿತು. 1975–76ರ ‘ಸೈಟ್’ ಎಂಬ ಬೋಧನಾ ಟಿವಿ ಪ್ರಯೋಗದಲ್ಲಿ ಆಗಿನ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಬಂದಾಗ ಸೆಟ್ಟಿನ ಜೊತೆಗೆ ಅದರ ದುರಸ್ತಿಯ ವ್ಯವಸ್ಥೆಯನ್ನೂ ಯೋಜನೆಯ ಭಾಗವಾಗಿಯೇ ಮಾಡಿದ್ದರು. ಆ ಪೈಕಿ ಎರಡು ಜಿಲ್ಲೆಗಳ ಗಡಿ ಗಜೇಂದ್ರಗಡದ ಮಗ್ಗುಲಲ್ಲೇ ಇತ್ತು. ಇಂದು ಬೋರ್ಡ್ ಬರುತ್ತದೆ, ಅದರ ನಕ್ಷೆ ಬರುವುದಿಲ್ಲ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ಟಿವಿ ತಯಾರಕರು ಒಳಗಿನ ಪವರ್ ಸಪ್ಲೈ, ಕಂಡೆನ್ಸರ್‌ನಂಥ ಬಿಡಿಭಾಗಗಳನ್ನು ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ರಿಪೇರಿಯವರಿಗೆ ಒದಗಿಸಬೇಕು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಬಂತು. ಸೇರಬೇಕೋ ಬೇಡವೋ ಎಂಬುದು ಕಂಪನಿಗಳ ಇಷ್ಟ. ನಕ್ಷೆ ಕೊಟ್ಟರೆ ಗುಟ್ಟು ಬಯಲಾಗುತ್ತದೆ ಎಂಬ ನೆಪ ಪವರ್ ಬೋರ್ಡಿನ ಮಟ್ಟಿಗಂತೂ ನಿಲ್ಲುವುದಿಲ್ಲ. ಅದರಲ್ಲಿರುವ ಐಸಿಯನ್ನು ಮಾಡಿದವರೇ ಅದನ್ನು ಜೋಡಿಸುವ ಸರ್ಕ್ಯೂಟನ್ನು ತಮ್ಮ ಡೇಟಾಶೀಟಿನಲ್ಲಿ ಅಚ್ಚು ಹಾಕಿರುತ್ತಾರೆ, ಬಹುಪಾಲು ಟಿವಿಗಳಲ್ಲಿರುವುದು ಅದರದೇ ಸಣ್ಣಪುಟ್ಟ ಬದಲಾವಣೆ. ಹಾಗಿರುವಾಗ ಹಿಂದಿನ ಮುಚ್ಚಳದ ಒಳಬದಿಗೆ ಆ ಒಂದು ಹಾಳೆಯನ್ನು ಅಂಟಿಸಿ ಕಳಿಸಲು ಕಂಪನಿಗೆ ಖರ್ಚಾಗುವುದು ಕೆಲವೇ ಪೈಸೆ.