ಮೊದಲ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀರಾ? 16 ವಾರಗಳ ತಯಾರಿ ಹೀಗಿರಲಿ

ಮುಂಬೈಯಲ್ಲಿ ಜನವರಿ, ಹೈದರಾಬಾದ್‌ನಲ್ಲಿ ಆಗಸ್ಟ್, ದೆಹಲಿಯಲ್ಲಿ ಅಕ್ಟೋಬರ್. ದೇಶದ ಮಹಾನಗರಗಳಿಗೆಲ್ಲ ಈಗ ತಮ್ಮದೇ ಆದ ಓಟದ ಹಬ್ಬವಿದೆ. ಆಫೀಸಿನ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಒಬ್ಬರು ಲಿಂಕ್ ಹಾಕುತ್ತಾರೆ, ಹುರುಪಿನಲ್ಲಿ ನಾಲ್ಕು ಜನ ಹೆಸರು ಕೊಡುತ್ತಾರೆ. ಶುಲ್ಕ ಕಟ್ಟಿದ ಮೇಲೆ ಪ್ರಶ್ನೆ ಶುರುವಾಗುತ್ತದೆ: 21 ಕಿ.ಮೀ. ಓಡಲು ನನ್ನಿಂದ ಆಗುತ್ತಾ?

ಆರೋಗ್ಯವಂತರಾದ ಬಹುತೇಕರಿಗೆ ಆಗುತ್ತದೆ. ಆದರೆ ಅದಕ್ಕೆ ಸುಮಾರು ನಾಲ್ಕು ತಿಂಗಳ ತಯಾರಿ ಬೇಕು. ತಯಾರಿಯಿಲ್ಲದೆ ಹೋದವರು ಮಂಡಿ ನೋವಿನೊಂದಿಗೆ ಮರಳುತ್ತಾರೆ, ಕೆಲವರು ಆಂಬ್ಯುಲೆನ್ಸ್ ಹತ್ತುತ್ತಾರೆ.

ಹಾಫ್ ಮ್ಯಾರಥಾನ್ ಎಂದರೆ ಎಷ್ಟು ದೂರ?

ಪೂರ್ಣ ಮ್ಯಾರಥಾನ್ 42.195 ಕಿ.ಮೀ. ಅದರ ಅರ್ಧ, ಅಂದರೆ 21.0975 ಕಿ.ಮೀ., ಹಾಫ್ ಮ್ಯಾರಥಾನ್. ಮಹಾರಾಷ್ಟ್ರದ ಅವಿನಾಶ್ ಸಾಬ್ಳೆ 2020ರಲ್ಲಿ ದೆಹಲಿಯಲ್ಲಿ ಇದನ್ನು 1 ಗಂಟೆ 30 ಸೆಕೆಂಡ್‌ನಲ್ಲಿ ಓಡಿ ಮುಗಿಸಿದ್ದರು. ಹೊಸಬರು ಆ ಲೆಕ್ಕ ಹಿಡಿಯಬೇಕಿಲ್ಲ. ಒಂದು ಕಿ.ಮೀ.ಗೆ 7 ನಿಮಿಷದಂತೆ ಓಡಿದರೆ ಸುಮಾರು 2 ಗಂಟೆ 28 ನಿಮಿಷ, 8 ನಿಮಿಷದಂತೆ ಓಡಿದರೆ ಸುಮಾರು 2 ಗಂಟೆ 49 ನಿಮಿಷ ಬೇಕು. ಓಟ ಮುಗಿಸಲು ಆಯೋಜಕರು ಗರಿಷ್ಠ ಸಮಯ ನಿಗದಿ ಮಾಡಿರುತ್ತಾರೆ. ಹೆಸರು ಕೊಡುವ ಮೊದಲೇ ಅದನ್ನು ನೋಡಿಕೊಳ್ಳಿ.

ಮೊದಲು ವೈದ್ಯರು, ಆಮೇಲೆ ಶೂ

ವಯಸ್ಸು 40 ದಾಟಿದ್ದರೆ, ಬಿಪಿ, ಶುಗರ್ ಇದ್ದರೆ, ಸಿಗರೇಟ್ ಅಭ್ಯಾಸವಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ ವೈದ್ಯರನ್ನು ಕಾಣದೆ ಅಭ್ಯಾಸ ಶುರು ಮಾಡಬೇಡಿ. ಓಡುವಾಗ ಎದೆ ಬಿಗಿದಂತಾದರೆ, ತಲೆ ಸುತ್ತಿದರೆ, ಎಂದಿಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ. ‘ಗ್ಯಾಸ್ ಇರಬೇಕು’ ಎಂದು ಸುಮ್ಮನಾಗಬೇಡಿ. ಜ್ವರವಿದ್ದಾಗಲಂತೂ ಓಡಲೇಬಾರದು. ಕೆಲವು ವೈರಲ್ ಜ್ವರಗಳಲ್ಲಿ ಹೃದಯದ ಸ್ನಾಯುವಿಗೂ ಊತ ಬರಬಹುದು. ಆ ಸಮಯದಲ್ಲಿ ದಣಿಯುವುದು ಅಪಾಯ.

ಶೂ ದುಬಾರಿಯದ್ದೇ ಆಗಬೇಕಿಲ್ಲ, ಓಟಕ್ಕೆಂದೇ ಮಾಡಿದ್ದಾಗಿದ್ದು ಕಾಲಿಗೆ ಹಿತವಾಗಿದ್ದರೆ ಸಾಕು. ಓಡುವಾಗ ಪಾದ ಸ್ವಲ್ಪ ಊದಿಕೊಳ್ಳುತ್ತದೆ, ಹಾಗಾಗಿ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ.

ಉಸಿರು ಬೇಗ ಪಳಗುತ್ತದೆ, ಮೂಳೆ ನಿಧಾನ

ಹೊಸಬರಿಗೆ ಪೆಟ್ಟಾಗುವುದಕ್ಕೆ ಮುಖ್ಯ ಕಾರಣ ಇಲ್ಲಿದೆ. ನಾಲ್ಕಾರು ವಾರ ಓಡಿದರೆ ಉಸಿರಾಟ ಸುಧಾರಿಸುತ್ತದೆ, ‘ಇನ್ನೂ ಓಡಬಹುದು’ ಅನಿಸುತ್ತದೆ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಅಂತರದಲ್ಲೇ ಮೊಣಕಾಲ ಕೆಳಗಿನ ಮೂಳೆ ನೋವು, ಮಂಡಿ ನೋವು, ಹಿಮ್ಮಡಿ ನೋವು ಶುರುವಾಗುತ್ತವೆ. ಮೈಕೈ ನೋವು ಎರಡು ದಿನದಲ್ಲಿ ಹೋಗುತ್ತದೆ. ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂತೆ ಒಂದೇ ಕಡೆ ನೋವಿದ್ದು, ಓಡಿದಷ್ಟೂ ಹೆಚ್ಚಾಗುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು, ತಪಾಸಣೆ ಮಾಡಿಸಿ.

16 ವಾರಗಳ ಲೆಕ್ಕ

ನಿಲ್ಲದೆ 5 ಕಿ.ಮೀ. ನಿಧಾನವಾಗಿ ಓಡಬಲ್ಲವರಿಗೆ ಈ ಯೋಜನೆ. ಅಷ್ಟು ಆಗದವರು ಮೊದಲ ಎರಡು ತಿಂಗಳು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯ ಅಭ್ಯಾಸ ಮಾಡಿಕೊಂಡು 5 ಕಿ.ಮೀ. ತಲುಪಲಿ.

ವಾರಕ್ಕೆ ನಾಲ್ಕು ದಿನ ಓಟ, ಒಂದೆರಡು ದಿನ ಮನೆಯಲ್ಲೇ ಬೈಠಕ್, ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್‌ನಂಥ ಕಸರತ್ತು. ಕನಿಷ್ಠ ಒಂದು ದಿನ ಪೂರ್ತಿ ವಿಶ್ರಾಂತಿ. ವಾರದ ನಡುವಿನ ಮೂರು ಓಟಗಳು 4ರಿಂದ 7 ಕಿ.ಮೀ. ಇರಲಿ. ಭಾನುವಾರದ ಉದ್ದ ಓಟ ಹೀಗೆ ಬೆಳೆಯಲಿ:

1ರಿಂದ 4ನೇ ವಾರ: 6, 7, 8, 6 ಕಿ.ಮೀ.
5ರಿಂದ 8ನೇ ವಾರ: 9, 10, 12, 9 ಕಿ.ಮೀ.
9ರಿಂದ 12ನೇ ವಾರ: 13, 15, 17, 12 ಕಿ.ಮೀ.
13ರಿಂದ 15ನೇ ವಾರ: 18, 14, 10 ಕಿ.ಮೀ.
16ನೇ ವಾರ: ಓಟದ ದಿನ

ಪ್ರತಿ ನಾಲ್ಕನೇ ವಾರ ದೂರ ತಗ್ಗಿರುವುದನ್ನು ಗಮನಿಸಿ. ದೇಹ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಟದ ನಂತರದ ವಿಶ್ರಾಂತಿ ಮತ್ತು ನಿದ್ದೆಯಲ್ಲಿ. ಅಭ್ಯಾಸದಲ್ಲಿ 21 ಕಿ.ಮೀ. ಪೂರ್ತಿ ಓಡಲೇಬೇಕು ಎಂದೇನಿಲ್ಲ. 18 ಓಡಿದವರು ಉಳಿದ ಮೂರನ್ನು ಓಟದ ದಿನ ಮುಗಿಸಬಲ್ಲರು.

ವೇಗ ಎಷ್ಟಿರಬೇಕು? ಪಕ್ಕದಲ್ಲಿ ಓಡುವವರ ಜೊತೆ ಒಂದಿಡೀ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೇ ಉಸಿರು ಸಿಕ್ಕಿಕೊಂಡರೆ ವೇಗ ಹೆಚ್ಚಾಯಿತು ಎಂದರ್ಥ.

ಜನವರಿ ಮೂರನೇ ಭಾನುವಾರದ ಮುಂಬೈ ಓಟ ನಿಮ್ಮ ಗುರಿಯಾಗಿದ್ದರೆ ಸೆಪ್ಟೆಂಬರ್ ಕೊನೆಯಲ್ಲೇ ಅಭ್ಯಾಸ ಶುರುವಾಗಬೇಕು. ದಸರಾ, ದೀಪಾವಳಿ ನಡುವೆ ಬರುತ್ತವೆ. ಊರಿಗೆ ಹೋದರೆ ಶೂ ಚೀಲದಲ್ಲಿರಲಿ. ಒಂದು ವಾರ ತಪ್ಪಿದರೆ ಅದನ್ನು ಬಿಟ್ಟು ಮುಂದೆ ಹೋಗಿ. ಎರಡು ವಾರದ್ದನ್ನು ಒಂದೇ ವಾರದಲ್ಲಿ ಓಡಲು ಹೋಗಬೇಡಿ.

ನಿಮ್ಮ ಊರಿನ ಹವೆ ನೋಡಿ

ಚೆನ್ನೈ, ಮುಂಬೈಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ಅಲ್ಲಿ ಸೂರ್ಯೋದಯಕ್ಕೆ ಮೊದಲೇ ಓಡಿ, ವೇಗ ತಗ್ಗಿಸಿ. ದೆಹಲಿಯಲ್ಲಿ ಚಳಿಗಾಲದ ಹೊಗೆ ದಟ್ಟವಾದ ದಿನ ಹೊರಗೆ ಓಡುವ ಬದಲು ಮನೆಯೊಳಗೆ ಕಸರತ್ತು ಮಾಡುವುದು ಮೇಲು. ಮುಂಬೈಯ ಪೆಡ್ಡರ್ ರೋಡ್, ಹೈದರಾಬಾದ್‌ನ ಫ್ಲೈಓವರ್‌ಗಳಂಥ ಏರು ಎದುರಾಗುವುದಿದ್ದರೆ ವಾರಕ್ಕೊಮ್ಮೆ ಏರಿನಲ್ಲೂ ಅಭ್ಯಾಸ ಮಾಡಿ.

ಊಟ ಮತ್ತು ನೀರು

ಹಿಂದಿನ ರಾತ್ರಿ ಅನ್ನ, ಚಪಾತಿಯಂಥ ಸಾದಾ ಊಟ ಸಾಕು, ಎಣ್ಣೆ, ಮಸಾಲೆ ಬೇಡ. ಓಟಕ್ಕೆ ಎರಡು ಗಂಟೆ ಮೊದಲು ಬಾಳೆಹಣ್ಣು, ಇಡ್ಲಿ ಅಥವಾ ತೆಳು ರಾಗಿ ಗಂಜಿ ತೆಗೆದುಕೊಳ್ಳಬಹುದು. ಭಾನುವಾರದ ಅಭ್ಯಾಸದಲ್ಲಿ ಹೊಟ್ಟೆಗೆ ಒಗ್ಗಿದ್ದನ್ನೇ ಅಂದೂ ತಿನ್ನಿ. ಹೊಸ ಶೂ, ಹೊಸ ಬಟ್ಟೆ, ಹೊಸ ಎನರ್ಜಿ ಜೆಲ್ ಯಾವುದೂ ಅಂದು ಬೇಡ.

ನೀರು ಕಡಿಮೆಯಾದರೆ ಹೇಗೆ ತೊಂದರೆಯೋ, ಅತಿಯಾದರೂ ತೊಂದರೆ. ಬಾಯಾರಿಕೆ ಇಲ್ಲದಿದ್ದರೂ ಪ್ರತಿ ಸ್ಟಾಲ್‌ನಲ್ಲಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಾಯಾರಿದಾಗ ಒಂದೆರಡು ಗುಟುಕು ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ. ನೋವಿನ ಮಾತ್ರೆ ನುಂಗಿ ಓಟಕ್ಕೆ ನಿಲ್ಲಬೇಡಿ. ಬೆವರಿ ಬಸವಳಿದ ದೇಹದಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ.

ಓಟದ ದಿನ

ಸಾವಿರಾರು ಜನರ ನಡುವೆ, ಡೋಲಿನ ಸದ್ದಿಗೆ ಕಾಲು ತಾನಾಗಿ ವೇಗ ಹಿಡಿಯುತ್ತದೆ. ಮೊದಲ 5 ಕಿ.ಮೀ.ಯನ್ನು ಬೇಕೆಂದೇ ನಿಧಾನವಾಗಿ ಓಡಿ. ಆರಂಭದಲ್ಲಿ ಉಳಿಸಿದ ಶಕ್ತಿ ಬೇಕಾಗುವುದು 16ನೇ ಕಿ.ಮೀ. ನಂತರ. ಸ್ಟಾಲ್ ಬಳಿ ನಡೆದು ನೀರು ಕುಡಿದರೆ ಯಾರೂ ಅಂಕ ಕಳೆಯುವುದಿಲ್ಲ.

ಪಕ್ಕದವರು ತೊದಲುತ್ತಿದ್ದರೆ, ತೂರಾಡುತ್ತಿದ್ದರೆ ಅದು ಬಿಸಿಲಿನ ಆಘಾತವಿರಬಹುದು. ನೆರಳಿಗೆ ಕರೆತಂದು ಮೈಮೇಲೆ ತಣ್ಣೀರು ಸುರಿಯಿರಿ, ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ನಿಮ್ಮ ಬಿಬ್ ಹಿಂಭಾಗದಲ್ಲಿ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದಿರಲಿ.

ಮುಗಿಸಿದ ಕೂಡಲೇ ಕುಳಿತುಬಿಡಬೇಡಿ. ಹತ್ತು ನಿಮಿಷ ನಡೆದಾಡಿ, ಬಟ್ಟೆ ಬದಲಿಸಿ, ಒಂದು ಗಂಟೆಯೊಳಗೆ ಏನಾದರೂ ತಿನ್ನಿ. ಮರುದಿನ ಮೆಟ್ಟಿಲು ಇಳಿಯಲು ಕಷ್ಟವಾದರೆ ಗಾಬರಿ ಬೇಡ. ಒಂದು ವಾರ ಬರೀ ನಡಿಗೆ ಸಾಕು. ಮುಂದಿನ ಓಟಕ್ಕೆ ಹೆಸರು ಕೊಡುವುದು ಆ ವಾರ ಕಳೆದ ಮೇಲಿರಲಿ.