ಟ್ರ್ಯಾಕ್ಟರ್ ಎಷ್ಟು ಭಾರ ಎಳೆಯಬಲ್ಲದು? ಅಂಕಿಗಳ ಗೊಂದಲ ಬಿಡಿಸಿಕೊಳ್ಳಿ

ಟ್ರ್ಯಾಕ್ಟರ್ ಕೊಳ್ಳಲು ಹೊರಟ ರೈತ ಬಾಂಧವರ ಕೈಗೆ ಮೊದಲು ಬರುವುದು ಬಣ್ಣದ ಕರಪತ್ರ. ಅದರ ಮುಖಪುಟದಲ್ಲಿ 45 ಅಶ್ವಶಕ್ತಿ ಎಂದಿರುತ್ತದೆ. ಒಳಪುಟ ತೆರೆದರೆ ಪಿ.ಟಿ.ಓ. ಶಕ್ತಿ 38 ಎಂದಿರುತ್ತದೆ. ಇನ್ನೊಂದು ಸಾಲಿನಲ್ಲಿ ಎತ್ತುವ ಸಾಮರ್ಥ್ಯ 1500 ಕಿಲೋ ಎಂದಿರುತ್ತದೆ. ಮಾರುವವರು ‘ಹತ್ತು ಟನ್ ಕಬ್ಬು ಹೇರಿದರೂ ಎಳೆಯುತ್ತದೆ’ ಎನ್ನುತ್ತಾರೆ. ಟ್ರೇಲರಿನ ನೋಂದಣಿ ಪತ್ರ ನೋಡಿದರೆ ಅಷ್ಟು ಭಾರಕ್ಕೆ ಒಪ್ಪಿಗೆಯೇ ಇರುವುದಿಲ್ಲ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಈ ಅಂಕಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕೆಲಸವನ್ನು ಅಳೆದದ್ದು. ಯಾವ ಅಂಕಿ ಯಾವ ಕೆಲಸದ್ದು ಎಂದು ತಿಳಿದುಕೊಂಡರೆ ಸಾಲ ಮಾಡಿ ತಂದ ಯಂತ್ರವೂ ಉಳಿಯುತ್ತದೆ, ಅದರ ಮೇಲೆ ಕುಳಿತವನ ಜೀವವೂ ಉಳಿಯುತ್ತದೆ.

ಒಂದೇ ಯಂತ್ರಕ್ಕೆ ಮೂರು ಅಶ್ವಶಕ್ತಿ

ಕರಪತ್ರದ ದೊಡ್ಡ ಅಂಕಿ ಎಂಜಿನ್ನಿನದು. ಶಕ್ತಿ ಅಲ್ಲಿಂದ ಗೇರು, ಹಲ್ಲುಚಕ್ರಗಳನ್ನು ದಾಟಿ ಬರುವಾಗ ಸ್ವಲ್ಪ ಸ್ವಲ್ಪ ಸೋರುತ್ತದೆ. 45 ಅಶ್ವಶಕ್ತಿಯ ಎಂಜಿನ್ನು ಪಿ.ಟಿ.ಓ. ದಂಡದಲ್ಲಿ ಸುಮಾರು 38-39 ಕೊಡುತ್ತದೆ. ಹಿಂದಿನ ಕೊಂಡಿಯಲ್ಲಿ, ಅಂದರೆ ಡ್ರಾಬಾರಿನಲ್ಲಿ, ಗಟ್ಟಿ ಕಾಂಕ್ರೀಟ್ ನೆಲದ ಮೇಲೆ ಸುಮಾರು 33 ಸಿಗುತ್ತದೆ. ಉತ್ತ ಹೊಲದಲ್ಲಿ ಅದು 25ಕ್ಕೆ ಇಳಿಯುತ್ತದೆ. ತೀರ ಮೆತ್ತನೆಯ ನೆಲದಲ್ಲಿ 21ರ ಆಸುಪಾಸಿಗೆ ಬರುತ್ತದೆ. ಇದು ಅಂದಾಜು ಲೆಕ್ಕ. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ವ್ಯತ್ಯಾಸವಿರುತ್ತದೆ.

ಒಕ್ಕಣೆ ಯಂತ್ರ, ರೋಟವೇಟರ್ ನಡೆಸುವವರು ಪಿ.ಟಿ.ಓ. ಅಂಕಿ ನೋಡಬೇಕು. ನೇಗಿಲು, ಟ್ರೇಲರ್ ಎಳೆಸುವವರು ಡ್ರಾಬಾರ್ ಅಂಕಿ ನೋಡಬೇಕು. ಎತ್ತುವ ಸಾಮರ್ಥ್ಯ ಎಂಬುದು ಹಿಂದಿನ ಹೈಡ್ರಾಲಿಕ್ ತೋಳುಗಳಿಗೆ ಸೇರಿದ್ದು. ಟ್ರೇಲರ್ ಎಳೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಅಂಕಿಯಲ್ಲೂ ಎರಡು ಬಗೆಯುಂಟು. ತೋಳಿನ ತುದಿಯಲ್ಲೇ ಅಳೆದರೆ ಹೆಚ್ಚು ಬರುತ್ತದೆ. ತುದಿಯಿಂದ 610 ಮಿಲಿಮೀಟರ್ ಹಿಂದಕ್ಕೆ ಭಾರವಿಟ್ಟು ಅಳೆದರೆ ಕಡಿಮೆ ಬರುತ್ತದೆ. ಎರಡು ಕಂಪನಿಗಳ ಯಂತ್ರಗಳನ್ನು ಹೋಲಿಸುವಾಗ ಎಲ್ಲಿ ಅಳೆದದ್ದು ಎಂದು ಕೇಳಿ.

ಹಳೆಯ ತಂಟೆ

ಈ ಗೊಂದಲ ಹೊಸದೇನಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತ, ಹೇಳಿದಷ್ಟು ಕೆಲಸ ಮಾಡದ ಟ್ರ್ಯಾಕ್ಟರ್ ಕೊಂಡು ಬೇಸತ್ತಿದ್ದರು. ಶಾಸನಸಭೆಗೆ ಆರಿಸಿಹೋದ ಮೇಲೆ ಅವರು ಪರೀಕ್ಷೆಯ ಕಾನೂನು ತರಲು ಮುಂದಾದರು. 1919ರಲ್ಲಿ ಆದ ಆ ಕಾನೂನಿನ ಪ್ರಕಾರ ಅಲ್ಲಿ ಮಾರುವ ಟ್ರ್ಯಾಕ್ಟರುಗಳನ್ನು ರಾಜ್ಯದ ವಿಶ್ವವಿದ್ಯಾನಿಲಯ ಪರೀಕ್ಷಿಸಬೇಕಾಯಿತು. 1920ರಲ್ಲಿ ಮೊದಲು ಪರೀಕ್ಷೆ ಮುಗಿಸಿದ ಯಂತ್ರ ವಾಟರ್ಲೂ ಬಾಯ್. ಅದರ ಶಕ್ತಿಯನ್ನು 12-25 ಎಂದು ಬರೆಯುತ್ತಿದ್ದರು: ಕೊಂಡಿಯಲ್ಲಿ 12, ಬೆಲ್ಟಿನಲ್ಲಿ 25. ಎರಡೂ ಅಂಕಿಗಳನ್ನು ಒಟ್ಟಿಗೆ ಹೇಳುವ ಆ ಪದ್ಧತಿ ಕೊಳ್ಳುವವನಿಗೆ ಹೆಚ್ಚು ಪ್ರಾಮಾಣಿಕವಾದದ್ದು.

ನಮ್ಮ ದೇಶದಲ್ಲಿ ಈ ಕೆಲಸ ಮಾಡುವುದು ಮಧ್ಯಪ್ರದೇಶದ ಬುದನಿಯ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ. ಅದರ ವರದಿಯಲ್ಲಿ ಪಿ.ಟಿ.ಓ. ಶಕ್ತಿ, ಡ್ರಾಬಾರ್ ಎಳೆತ, ಎತ್ತುವ ಸಾಮರ್ಥ್ಯ, ಬ್ರೇಕು, ಡೀಸೆಲ್ ಖರ್ಚು ಎಲ್ಲವೂ ಇರುತ್ತವೆ. ವ್ಯಾಪಾರ ಕುದುರುವ ಮೊದಲೇ ಆ ವರದಿಯ ಪ್ರತಿ ಕೇಳಿ. ಓದಲು ತೊಡಕಾದರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ವಿವರಿಸಿಕೊಳ್ಳಿ.

ದಾರಿ ಬದಲಾದರೆ ಲೆಕ್ಕವೂ ಬದಲು

ಟ್ರೇಲರು ಒಂದೂವರೆ ಟನ್, ಅದರೊಳಗೆ ನಾಲ್ಕೂವರೆ ಟನ್ ಸರಕು, ಒಟ್ಟು ಆರು ಟನ್ ಎಂದಿಟ್ಟುಕೊಳ್ಳಿ. ಮಟ್ಟಸವಾದ ಡಾಂಬರು ರಸ್ತೆಯಲ್ಲಿ ಇದನ್ನು ಉರುಳಿಸಲು ಸುಮಾರು 150 ಕಿಲೋ ಎಳೆತ ಸಾಕು. ಆದ್ದರಿಂದಲೇ ಪೇಟೆಯ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿ ಎಳೆದು ತೋರಿಸುವುದು ದೊಡ್ಡ ಸಾಹಸವಲ್ಲ.

ಅದೇ ಭಾರ ಸಡಿಲ ಮಣ್ಣಿನ ಬಂಡಿದಾರಿಗೆ ಇಳಿದರೆ 500-600 ಕಿಲೋ ಎಳೆತ ಬೇಕು. ಹತ್ತು ಅಡಿಗೆ ಒಂದು ಅಡಿ ಏರುವ ಡಾಂಬರು ದಿಣ್ಣೆಯಾದರೆ, ಉರುಳಿಸಲು 150, ಟ್ರೇಲರನ್ನು ಮೇಲೆತ್ತಲು 600, ಎರಡು ಟನ್ನಿನ ಟ್ರ್ಯಾಕ್ಟರ್ ತಾನೇ ಏರಲು 200, ಒಟ್ಟು 950 ಕಿಲೋ ಬೇಕು. ಕೊಂಡಿಯಲ್ಲಿ 30 ಅಶ್ವಶಕ್ತಿ ಸಿಕ್ಕರೆ ಈ ಎಳೆತಕ್ಕೆ ಗಂಟೆಗೆ ಎಂಟೂವರೆ ಕಿಲೋಮೀಟರಿಗಿಂತ ಹೆಚ್ಚಿನ ವೇಗ ಸಾಧ್ಯವಿಲ್ಲ. ಮಳೆಗಾಲದ ಕೆಸರು ದಿಣ್ಣೆಯಾದರೆ 1400 ಕಿಲೋ ಬೇಕಾಗುತ್ತದೆ. ಆಗ ಎಂಜಿನ್ನಿನಲ್ಲಿ ಕಸುವಿದ್ದರೂ ನೆಲಕ್ಕೆ ಹಿಡಿತವಿರುವುದಿಲ್ಲ. ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ, ಬಂಡಿ ಕದಲುವುದಿಲ್ಲ.

ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು. ರಸ್ತೆಯಲ್ಲಿ ಸಲೀಸಾಗಿ ಎಳೆದ ಜೋಡಿ ಗದ್ದೆಯಂಚಿನ ಕೆಸರಿನಲ್ಲಿ ಮಂಡಿಯೂರುತ್ತದೆ. ಎತ್ತಿನ ಕಸುವೇನೂ ಕಡಿಮೆಯಾಗಿಲ್ಲ. ಕಾಲಿಗೆ ನೆಲ ಸಿಕ್ಕಿಲ್ಲ.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ

ಏರಿದ್ದನ್ನು ಇಳಿಯಲೇಬೇಕು. ಮೇಲೆ ಹೇಳಿದ ದಿಣ್ಣೆ ಇಳಿಯುವಾಗ ಆರು ಟನ್ನಿನ ಟ್ರೇಲರು ಸುಮಾರು 450 ಕಿಲೋ ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ಟ್ರೇಲರಿಗೆ ಬ್ರೇಕಿಲ್ಲದಿದ್ದರೆ ಎರಡು ಟನ್ನಿನ ಯಂತ್ರ ಎಂಟು ಟನ್ನನ್ನು ತಡೆಯಬೇಕು. ವೇಗ ಎರಡರಷ್ಟಾದರೆ, ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚುವುದು ಇಂಥ ಕಡೆಯೇ. ಎಳೆಯುವ ಶಕ್ತಿಯ ಅಂಕಿ ಇಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ಆದ್ದರಿಂದ ಈ ಮಾತುಗಳನ್ನು ಟ್ರ್ಯಾಕ್ಟರ್ ನಡೆಸುವ ಮಕ್ಕಳಿಗೂ ಆಳುಗಳಿಗೂ ತಿಳಿಸಿ:

1. ರಸ್ತೆಗೆ ಬಂದಾಗ ಎಡ ಬಲ ಬ್ರೇಕು ಪೆಡಲುಗಳನ್ನು ಒಂದಕ್ಕೊಂದು ಸೇರಿಸಿ ಬಿಗಿಯಿರಿ. ಒಂದೇ ಗಾಲಿಗೆ ಬ್ರೇಕು ಬಿದ್ದರೆ ಟ್ರ್ಯಾಕ್ಟರ್ ತಿರುಗಿಬಿಡುತ್ತದೆ.

2. ಏರಲು ಬೇಕಾದ ಗೇರಿನಲ್ಲೇ ಇಳಿಯಿರಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಪ್ರಾಣಕ್ಕೆ ಕುತ್ತು.

3. ಟ್ರೇಲರನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಎತ್ತರದಲ್ಲಿ ಕಟ್ಟಿ ಎಳೆದರೆ ಮುಂದಿನ ಗಾಲಿಗಳು ಮೇಲೆದ್ದು ಯಂತ್ರ ಹಿಂದಕ್ಕೆ ಮಗುಚಬಹುದು.

4. ಹೇರುವಾಗ ಮೂಕಿಭಾರ ನೋಡಿ. ಹಿಂಭಾರವಾದ ಗಾಡಿಯ ನೊಗ ಮೇಲೇಳುವಂತೆ, ಹಿಂಭಾರವಾದ ಟ್ರೇಲರು ಕೊಂಡಿಯನ್ನು ಮೇಲೆತ್ತಿ ಹಿಂಗಾಲಿಗಳ ಹಿಡಿತ ಕಳೆಯುತ್ತದೆ. ಅತಿಯಾದ ಮುಂಭಾರವೂ ಬೇಡ; ಮುಂದಿನ ಗಾಲಿ ಹಗುರಾದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಕೊನೆಯ ಮಾತು ಯಾವ ಅಂಕಿಯದು?

ಟ್ರೇಲರಿನ ನೋಂದಣಿ ಪತ್ರದಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ತೂಕ ಮತ್ತು ಸರಕು ಸೇರಿದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದಷ್ಟೇ ನೀವು ಹೇರಬಹುದಾದ ಭಾರ. ಒಟ್ಟು ತೂಕವನ್ನೇ ಸರಕಿನ ತೂಕವೆಂದು ತಿಳಿಯುವುದು ಹಳ್ಳಿಗಳಲ್ಲಿ ಸಾಮಾನ್ಯ. ಪಕ್ಕದ ಹಲಗೆ ಎತ್ತರಿಸಿದ್ದರೆ, ಕಬ್ಬಿಣದ ಪಟ್ಟಿ ಬೆಸೆದಿದ್ದರೆ ಖಾಲಿ ತೂಕವೂ ಹೆಚ್ಚಾಗಿರುತ್ತದೆ. ಒಮ್ಮೆ ಖಾಲಿ ಟ್ರೇಲರನ್ನು ವೇ ಬ್ರಿಡ್ಜಿಗೆ ಒಯ್ದು ತೂಗಿಸಿ ನೋಡಿ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ಮಿತಿ ಮೀರಿ ಭಾರ ಹೇರಿದರೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಒಂದು ಸಲ ಹೆಚ್ಚಿಗೆ ಹೇರಿ ಉಳಿಸಿದ ಬಾಡಿಗೆ ಇದರ ಮುಂದೆ ಏನೂ ಅಲ್ಲ.

ಅಂಕಿಗಳು ಜಗಳವಾಡಿದಾಗ ನ್ಯಾಯ ಹೇಳುವ ಸೂತ್ರ ಇಷ್ಟೇ. ಟ್ರ್ಯಾಕ್ಟರ್ ತಯಾರಕರು ಕೈಪಿಡಿಯಲ್ಲಿ ಹೇಳಿದ ಮಿತಿ, ಟ್ರೇಲರಿನ ನೋಂದಣಿ ಪತ್ರದ ಮಿತಿ, ಟೈರು ಹೊರುವ ಮಿತಿ, ನಿಮ್ಮ ದಾರಿಯ ಅತಿ ಕಡಿದಾದ ಇಳಿಜಾರಿನಲ್ಲಿ ಬ್ರೇಕು ತಡೆಯುವ ಮಿತಿ: ಈ ನಾಲ್ಕರಲ್ಲಿ ಅತಿ ಚಿಕ್ಕದು ಯಾವುದೋ ಅದೇ ನಿಮ್ಮ ಟ್ರ್ಯಾಕ್ಟರಿನ ಸಾಮರ್ಥ್ಯ. ಈ ಹಂಗಾಮಿನ ಮೊದಲ ಹೇರು ಕಟ್ಟುವ ಮುನ್ನ ನೋಂದಣಿ ಪತ್ರ ತೆಗೆದು ಲೆಕ್ಕ ಹಾಕಿ, ಆ ಅಂಕಿಯನ್ನು ಟ್ರೇಲರಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿಬಿಡಿ. ಹೇರುವ ಆಳಿಗೂ ಓಡಿಸುವ ಮಗನಿಗೂ ಅದು ದಿನವೂ ಕಣ್ಣಿಗೆ ಬೀಳಲಿ.